ಅತ್ತೆಯ ಕೌದಿಯೊಳಗಿನ ರೊಕ್ಕ

ನಮ್ಮ ಅತ್ತೆ ಸುಳ್ಳು ಹೇಳುವವಳಲ್ಲ. ಒಂದೇ ಪ್ರಶ್ನೆಗೆ ನಾಲ್ಕು ಖರೆ ಹೇಳುತ್ತಾಳೆ, ಅಷ್ಟೇ! ಅಪ್ಪನ ಅಕ್ಕ; ಮೂಡಲಗಿಯ ನಮ್ಮ ಮನೆಯಲ್ಲೇ ಇರುತ್ತಾಳೆ. "ಚಹಾ ಆತೇನು?" ಎಂದು ಕೇಳಿದರೆ ಅವ್ವನಿಗೆ "ಇಲ್ಲ," ಅಪ್ಪನಿಗೆ "ಆಗಳೇ ಆತು," ನನಗೆ "ಯಾವ ಚಹಾ?" ಇಂಥವಳನ್ನು ಸಾಕ್ಷಿಗೆ ಕರೆಯುವ ಪ್ರಸಂಗ ಯಾರಿಗಾದರೂ ಬರಬೇಕೇ? ನಮಗೆ ಬಂತು!

ಅಪ್ಪನದು ಗೋಕಾಕದಲ್ಲಿ ಬೆಲ್ಲದ ವ್ಯಾಪಾರ. ಆದಾಯ ತೆರಿಗೆಯವರು ಮನೆ ತಪಾಸಣೆಗೆ ಬಂದು, ಏನೂ ಸಿಗದೆ ದಣಿದು, ಅತ್ತೆಯ ಕೌದಿಯ ಮೇಲೆ ಕುಳಿತರು. ಕೌದಿ ಸರಬರ ಎಂದಿತು! ಹೊಲಿಗೆ ಬಿಚ್ಚಿದರೆ ಹಳೇ ಸೀರೆಯ ಪದರಗಳ ನಡುವೆ ನೋಟುಗಳು. ಅಪ್ಪ ಲೆಕ್ಕ ತೋರಿಸದೆ ಮುಚ್ಚಿಟ್ಟ ರೊಕ್ಕ ಎಂದು ಅವರ ವಾದ. ಅಪ್ಪನ ತೆರೆದ ಬಾಯಿ ಮುಚ್ಚಲೇ ಇಲ್ಲ. "ರೊಕ್ಕ ನಂದು," ಅಂದಳು ಅತ್ತೆ.

ವಿಚಾರಣೆಯ ದಿನ ಎಲ್ಲರೂ ಕಚೇರಿಗೆ ಹೋದೆವು. ಅತ್ತೆಗೆ ಧೈರ್ಯಕ್ಕೆಂದು ಅವ್ವ ಬಾಜೂಕೆ ಕುಳಿತಳು.

"ಎಲ್ಲಿಂದ ಬಂತ್ರಿ ಅಮ್ಮಾ, ಈ ರೊಕ್ಕ?" ಎಂದರು ಅಧಿಕಾರಿ.

"ಎಮ್ಮಿ ಹಾಲ ಮಾರಿದ್ದರಿ. ಮಂದಿಗೆ ಕೌದಿ ಹೊಲಿದದ್ದೂ ಐತ್ರಿ."

"ಮುಚ್ಚಿಟ್ಟಿದ್ದು ಯಾಕ?"

"ಕಾಶಿಗೆ ಹೋಗಾಕ್ರಿ."

"ಯಾವಾಗ ಹೋಗೂದಿತ್ತು?"

"ಎಲ್ಲಿಗ್ರಿ?"

"ಕಾಶಿಗೆ!"

"ಅಯ್ಯ, ನನಗ ರೈಲ ಆಗಿ ಬರೂದಿಲ್ರಿ. ಹಲ್ಲ ಕಟ್ಟಸಾಕ ಇಟ್ಟಿದ್ದೆ."

ಬಾಯಿ ತೆರೆದು ತೋರಿಸಿದಳು. ಎಲ್ಲ ಹಲ್ಲೂ ಗಟ್ಟಿ!

ಅಧಿಕಾರಿ ನನ್ನ ಮುಖ ನೋಡಿದರು. ನಾನು ಅಪ್ಪನ ಮುಖ ನೋಡಿದೆ. ರೊಕ್ಕ ಖರೇನೇ ಅಪ್ಪನದಿರಬಹುದೇ ಎಂದು ನನಗೇ ಸಂಶಯ ಹುಟ್ಟಿತು!

"ಹಿಂಗ ಹೇಳಿದ್ರ ಯಾರ ನಂಬತಾರ್ರಿ? ದಂಡ ನಿಮ್ಮ ತಮ್ಮನ ಮ್ಯಾಲ ಬೀಳತೈತಿ," ಎಂದರು ಅವರು.

ಅತ್ತೆಯ ಮುಖ ಇಳಿಯಿತು. "ನೀರಡಿಕಿ ಆಗೇತಿ, ಒಂದೀಟ ನೀರ ತಾ," ಎಂದು ಅವ್ವನನ್ನು ಹೊರಗೆ ಕಳಿಸಿ ದನಿ ತಗ್ಗಿಸಿದಳು.

"ಗಂಡ ಸತ್ತಾಗ ಹುಕ್ಕೇರ್ಯಾಗ ಗಂಡನ ಮನಿಯವರು ನನ್ನ ಉಟ್ಟ ಸೀರಿ ಮ್ಯಾಲ ಹೊರಗ ಹಾಕಿದ್ರು, ಸಾಹೇಬ್ರ. ತಮ್ಮನ ಹೆಂಡತೀನೂ ಒಂದಿನ ಹಂಗ ಹಾಕಿದ್ರ ಅಂತ ಅಂಜಿ ಕೂಡಿಸಿಟ್ಟೆ. ಆಕಿ ಹಾಕಲಿಲ್ಲ. ನಾ ಉಣ್ಣದ ಆಕಿ ಒಂದ ತುತ್ತ ಉಂಡಿಲ್ಲ. ಆಕಿ ಎದುರಿಗೆ ಇದನ್ನ ಹೆಂಗ ಹೇಳ್ಲಿ?"

ಅಧಿಕಾರಿ ಆ ಮಾತನ್ನು ನಿಧಾನವಾಗಿ ಬರೆದುಕೊಂಡರು. ರೊಕ್ಕ ಅತ್ತೆಯದೇ ಎಂದು ಮುಂದೆ ಆದೇಶವೂ ಬಂತು. ಆದರೆ ಆ ಕ್ಷಣ ನನ್ನ ಕಣ್ಣು ಬಾಗಿಲ ಮೇಲಿತ್ತು. ನೀರಿನ ಲೋಟ ಹಿಡಿದು ಅವ್ವ ಅಲ್ಲೇ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ!

ಒಳಗೆ ಬಂದು ಲೋಟ ಕೊಟ್ಟಳು. ಅತ್ತೆ ಕುಡಿದು ಮುಗಿಸುವವರೆಗೂ ನಿಂತಿದ್ದು, ಅವಳ ತಲೆಯ ಮೇಲಿಂದ ಜಾರಿದ ಸೆರಗನ್ನು ಸರಿಮಾಡಿದಳು.

"ಮುಗೀತೇನ್ರಿ, ಸಾಹೇಬ್ರ? ಅಕ್ಕಾರನ್ನ ಮನಿಗೆ ಕರಕೊಂಡ ಹೋಗತೇನಿ."