ಡಾಕ್ಟರು ಕೇಳಿದ ಹತ್ತು ಕಿಲೋ

ಬ್ಯಾನಿ ಬಂದ್ರ ಮನಷ್ಯಾ ಅಳ್ತಾನ ಅಂತಾರ. ನನಗ ಬ್ಯಾನಿ ಬಂದ ವರ್ಷ ನಕ್ಕಷ್ಟು ನಾ ಜನ್ಮದಾಗ ನಕ್ಕಿಲ್ಲ. ನಡದದ್ದೇ ಹಂಗ, ಏನ್ ಮಾಡ್ಲಿ!

ಆಗ ನಾ ವಾಡಿ ಊರಿನ ಸಾಲ್ಯಾಗ ಮಾಸ್ತರ. ಕರಳಿನ ಆಪರೇಷನ್ ಮಾಡಿ, ಹೊಟ್ಟಿ ಮ್ಯಾಲ ಒಂದು ತೂತು ಬಿಟ್ಟು, ಅದಕ್ಕೊಂದು ಚೀಲ ಕಟ್ಟಿದ್ರು. ಸಂಡಾಸೆಲ್ಲಾ ಅದರಾಗೇ. "ಕರಳು ಮತ್ತ ಜೋಡಸ್ತೀನ್ರಿ. ಆದ್ರ ಹೊಟ್ಟಿ ಭಾಳ ದಪ್ಪದ. ಎಂಬತ್ತೆಂಟು ಕಿಲೋ ಇದ್ದೀರಿ, ಹತ್ತು ಇಳಿಸ್ಕೊಂಡು ಬರ್ರಿ. ಇಲ್ಲಾಂದ್ರ ಕೈ ಹಚ್ಚಂಗಿಲ್ಲ" ಅಂದ್ರು ಗುಲಬರ್ಗಾದ ಡಾಕ್ಟರು. ಬ್ಯಾಸಿಗ್ಯಾಗ ಮಗಳ ಲಗ್ನ. ಚೀಲ ಕಟಗೊಂಡು ಹಂದರದಾಗ ಕುಂದ್ರೂದು ನನಗ ಸುತರಾಂ ಬ್ಯಾಡಾಗಿತ್ತು. ಆಪರೇಷನ್ ಆದದ್ದು ಊರಿಗೆಲ್ಲಾ ಗೊತ್ತಿತ್ತು, ಆದ್ರ ನಾಚಿಕಿಗಿ ಹೆಂಡ್ತಿ ಬಿಟ್ಟು ಯಾರ ಮುಂದೂ ಈ ಚೀಲದ ಸಂಗತಿ ಹೇಳಿದ್ದಿಲ್ಲ.

೧. ಮಜ್ಜಿಗಿ

ಸಾಲಿ ಮೀಟಿಂಗಿನಾಗ ಹೆಡ್‌ಮಾಸ್ತರು ಶಿಸ್ತಿನ ಬಗ್ಗೆ ಮಾತಾಡಾಕತ್ತಿದ್ರು. ಎಲ್ಲಾರೂ ಗಪ್‌ಚುಪ್. ನನ್ನ ಚೀಲ 'ಪುರ್ರ್' ಅಂತು. ಭೂಮಿ ಬಾಯಿ ಬಿಡಬಾರದಾ ಅನಿಸ್ತು ನನಗ. ಅಷ್ಟರಾಗ ಬಾಜೂಕ ನಿಂತಿದ್ದ ಹೆಡ್‌ಮಾಸ್ತರೇ ತಲಿ ತಗ್ಗಿಸಿ, "ತಪ್ಪು ತಿಳಕೋಬ್ಯಾಡ್ರಿ, ಮಜ್ಜಿಗಿ ಹೆಚ್ಚಾತು" ಅಂದ್ರು. ನಾನೂ ದೊಡ್ಡ ಮನಸ್ಸು ಮಾಡಿ, "ಇರ್ಲಿ ಬಿಡ್ರಿ ಸರ, ಆಗ್ತಿರ್ತದ" ಅಂದೆ.

೨. ನಡಿಗಿ

ದಿನಾ ಎರಡು ಮೈಲಿ ನಡೀಬೇಕಂತ ಶಹಾಬಾದ ರಸ್ತಾ ಹಿಡದೆ. ಫರಸಿ ಕಲ್ಲಿನ ಲಾರಿ ಬಂದು ನಿಂತಿತು. ಡ್ರೈವರ ನನ್ನ ಹಳೇ ವಿದ್ಯಾರ್ಥಿ. "ಯಾ ಅಲ್ಲಾ! ಮಾಸ್ತರ ಸಾಬ್, ಬೀಮಾರ ಇದ್ದು ಪೈದಲ್ ಹೊಂಟೀರಿ? ಹತ್ರಿ ಮ್ಯಾಲ!"

"ಡಾಕ್ಟರೇ ನಡೀರಿ ಅಂದಾರಪಾ."

"ಆ ಡಾಕ್ಟರಿಗಿ ದಿಲ್ ಅದ ಏನ್ರಿ?" ಅಂದವನೇ ರಟ್ಟಿ ಹಿಡದು ಜಗ್ಗೇಬಿಟ್ಟ. ಶಹಾಬಾದದಾಗ ಅವರಮ್ಮ ಆಣಿ ಹಾಕಿ ಉಣಿಸಿದ್ಲು. ಎರಡು ಮೈಲಿ ನಡ್ಯಾಕ ಹೋದಾವ, ಎರಡು ತಾಟು ಶೀರಾ ತಿಂದು ಲಾರ್ಯಾಗೇ ತಿರುಗಿ ಬಂದೆ.

೩. ಕಾಟಾ

ವಾರಕ್ಕೊಮ್ಮೆ ರೈಲು ಸ್ಟೇಷನ್ನಿನ ಪಾರ್ಸಲ್ ತೂಗೂ ಕಾಟಾದ ಮ್ಯಾಲ ನಿಲ್ತಿದ್ದೆ. ನನ್ನ ಗೆಳೆಯ ಪಾರ್ಸಲ್ ಬಾಬು ಗುಂಡು ಸರಿಸಿ ಓದ್ತಿದ್ದ. ನಾ ನಿಂತಲ್ಲಿಂದ ಅಂಕಿ ಕಾಣ್ತಿದ್ದಿಲ್ಲ.

"ಎಂಬತ್ತೆಂಟು."

ತುಪ್ಪ ಬಿಟ್ಟೆ. "ಎಂಬತ್ತೆಂಟು." ಅನ್ನ ಬಿಟ್ಟೆ. ಲಾರಿ ಕಂಡ್ರ ತೊಗರಿ ಹೊಲದಾಗ ಅಡಗಿ ಕುಂತೆ. "ಎಂಬತ್ತೆಂಟು! ಕಲ್ಲು ಇದ್ದಂಗ ಇದ್ದೀ ನೋಡು!"

"ನಿಮ್ಮ ಪಾಯಜಾಮಾ ಸೊಂಟದ ಮ್ಯಾಲ ನಿಲ್ಲವಲ್ದು, ಆ ಕಾಟಾಕ್ಕೇನು ಧಾಡಿ?" ಅಂದ್ಲು ಹೆಂಡ್ತಿ. ಲಗ್ನಕ್ಕ ಮೂರೇ ತಿಂಗಳು ಉಳೀತು. ಹೆದರಿ ಸಂಜಿ ರೊಟ್ಟೀನೂ ಬಿಟ್ಟೆ.

ಕಡೀಕ ಪಾಯಜಾಮಾ ಹಿಡಕೊಂಡು ಗುಲಬರ್ಗಾಕ್ಕ ಹೋದ್ರ, ಡಾಕ್ಟರ ಕಾಟಾ ಎಪ್ಪತ್ತೆರಡು ತೋರಿಸ್ತು! "ನಾ ಹತ್ತು ಕೇಳಿದ್ರ ಹದಿನಾರು ಇಳಿಸೀರಲ್ರಿ! ಈ ಮೈಗಿ ಕತ್ರಿ ಹ್ಯಾಂಗ ಹಚ್ಚಲಿ? ಹೋಗ್ರಿ, ಉಂಡು ನಾಕು ಕಿಲೋ ಏರಿಸ್ಕೊಂಡು ಬರ್ರಿ."

ಸೀದಾ ಸ್ಟೇಷನ್ನಿಗಿ ಹೋಗಿ ಬಾಬುನ ಕೊಳಪಟ್ಟಿ ಹಿಡದೆ. "ಸುಳ್ಳ್ಯಾಕ ಓದಿದಿ?"

"ಬ್ಯಾನಿ ಮನಷ್ಯಾಗ ಸೊರಗೀದಿ ಅನಬಾರದಪಾ, ಜೀವಕ್ಕ ಹಚಗೋತಾನ. ನಮ್ಮವ್ವ ಹಂಗೇ ಕಲಸ್ಯಾಳ" ಅಂದ. ಅವನ ಕಣ್ಣಾಗ ನೀರು. ಹಿಡದ ಕೊಳಪಟ್ಟಿ ಬಿಟ್ಟೆ.

ಮರುದಿನ ಶಹಾಬಾದ ರಸ್ತಾದಾಗ ನಾನೇ ಲಾರಿಗಿ ಕೈ ಮಾಡಿದೆ.

೪. ಅಕ್ಕಿಕಾಳು

ಕರಳು ಜೋಡಸಿದ್ರು, ಚೀಲ ಹೋತು. ಮಗಳ ಹಂದರದಾಗ ರಾಜಾನಂಗ ಕುಂತೆ, ಬಾಜೂಕ ಹೆಡ್‌ಮಾಸ್ತರು. ಅಕ್ಕಿಕಾಳು ಹಿಡದು ಎಲ್ಲಾರೂ ಸುಮ್ಮನಾದ ಹೊತ್ತಿಗಿ, ಅದೇ 'ಪುರ್ರ್'! ಗಾಬರ್ಯಾಗಿ ಹೊಟ್ಟಿ ಮುಟ್ಟಿ ನೋಡ್ಕೊಂಡೆ. ಚೀಲ ಎಲ್ಲಿಂದ ಬರಬೇಕು? ಹೊಳ್ಳಿ ನೋಡಿದ್ರ ಹೆಡ್‌ಮಾಸ್ತರ ಮಾರಿ ಕೆಂಪಗ ಆಗ್ಯದ. ಮಂದಿ ಎಲ್ಲಾ ನಮ್ಮ ಕಡೀಗೇ ನೋಡಾಕತ್ತದ.

ನಾ ಎದ್ದು ನಿಂತು ಬೀಗರಿಗಿ ಕೈ ಮುಗದೆ.

"ತಪ್ಪು ತಿಳಕೋಬ್ಯಾಡ್ರಿ, ಮಜ್ಜಿಗಿ ಹೆಚ್ಚಾತು."