ಸುಟ್ಟ ಕೋಟಿನ ವಿಷಯವಾಗಿ ಕಾದಂಬರಿಕಾರರಿಗೆ

ಮಾನ್ಯರೇ,

ತಮ್ಮ ಲೇಖನಿಗೂ ಅದನ್ನು ಹಿಡಿದ ಬೆರಳುಗಳಿಗೂ, ತಮ್ಮ ಅಭಿಮಾನಿಗಳ ಗ್ರೂಪಿನ ಅತಿ ಕಿರಿಯ ಅಡ್ಮಿನ್ ಆದ ನನ್ನ ಸಾಷ್ಟಾಂಗ ನಮಸ್ಕಾರಗಳು.

ನಾನು ಅಕ್ಕನ ಇಸ್ತ್ರಿ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಒಂದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಇನ್ನೊಂದರಲ್ಲಿ ಫೋನು ಹಿಡಿದು ವೆಬ್ ಸೀರೀಸ್ ನೋಡುತ್ತಿದ್ದವನಿಗೆ, "ಇದನ್ನಾದ್ರೂ ಓದಿ ಉದ್ಧಾರ ಆಗೋ" ಎಂದು ತಮ್ಮ ಕಾದಂಬರಿ ತಂದುಕೊಟ್ಟವಳೂ ಅವಳೇ. ಸೀರೀಸ್ ನೋಡುತ್ತಾ ನೋಡುತ್ತಾ ಹೆಂಡತಿಯ ಮುಖವನ್ನೇ ಮರೆತ ಆ ಗುಮಾಸ್ತನ ಕಥೆ ಓದಿದ ಮೇಲೆ ಫೋನು ಮುಟ್ಟಲು ಯಾರಿಗಾದರೂ ನಾಚಿಕೆಯಾಗಬೇಕು. ನನಗೂ ಆಯಿತು. ಈಗ ಫೋನನ್ನು ತಮ್ಮನ್ನು ಹೊಗಳುವುದಕ್ಕೆ ಮಾತ್ರ ಮುಟ್ಟುತ್ತೇನೆ. ಆದರೆ ಪುಸ್ತಕ ಕೈಬಿಡುತ್ತಿಲ್ಲ.

ಗುಮಾಸ್ತ ಹೊಸ ಕಂತಿನಲ್ಲಿ ಮುಳುಗಿರುವಾಗ ಒಲೆಯ ಮೇಲಿನ ಹಾಲು ಸೀದುಹೋಗುತ್ತದಲ್ಲ, ಆ ಪುಟದಲ್ಲಿ ನನಗೆ ನಿಜವಾಗಿಯೂ ಸೀದ ವಾಸನೆ ಬಂತು. ಎಂಥಾ ಶೈಲಿ ಎಂದು ರೋಮಾಂಚನಗೊಂಡು "ಗುರೂ, ವಾಸನೆ ಬರ್ತಿದೆ!" ಎಂದು ಗ್ರೂಪಿಗೆ ಹಾಕಿದೆ. "ನಂಗೂ ಬರ್ತಿದೆ ಮಗಾ, ಬೆಂಕಿ ಬರವಣಿಗೆ!" ಎಂದು ಒಬ್ಬರ ಮೇಲೊಬ್ಬರು ಉತ್ತರಿಸಿದರು. ಹೊಗೆ ಎದ್ದಾಗ ಅದೂ ತಮ್ಮ ಪ್ರತಿಭೆಯೇ ಎಂದುಕೊಂಡೆ. ಇಸ್ತ್ರಿಪೆಟ್ಟಿಗೆ ಗಿರಾಕಿಯೊಬ್ಬರ ಇದ್ದೊಂದು ಕೋಟಿನ ಬೆನ್ನಿನ ಮೇಲೆ ಕೂತಿದೆ ಎಂಬುದು, ಅಕ್ಕ ಓಡಿ ಬಂದು ಪ್ಲಗ್ ಕಿತ್ತು ಕಿರುಚಿದ ಮೇಲಷ್ಟೇ ತಿಳಿಯಿತು.

"ನಾಳೆಯಿಂದ ಅಂಗಡಿ ಕಡೆ ತಲೆ ಹಾಕ್ಬೇಡ" ಎಂದಿದ್ದಾಳೆ ಅಕ್ಕ.

ಆದ್ದರಿಂದ ನನ್ನ ಕೆಲಸ ಉಳಿಸುವ ಹೊಣೆ ತಮ್ಮದು. ಮುಂದಿನ ಮುದ್ರಣದಲ್ಲಿ ಅಲ್ಲಲ್ಲಿ, ಓದುಗ ಆಕಳಿಸಿ ಎದ್ದು ನೀರು ಕುಡಿಯುವಷ್ಟು ಕೆಟ್ಟದಾಗಿ ಬರೆಯಬೇಕೆಂದು ಕೋರುತ್ತೇನೆ. ತಮ್ಮಂಥವರಿಗೆ ಅದು ಕಷ್ಟ, ಬಲ್ಲೆ. ಬೇಕಿದ್ದರೆ ಗ್ರೂಪಿನಲ್ಲಿ ಸ್ವಂತ ಕಥೆ ಹಾಕುವವರು ಸಾಕಷ್ಟಿದ್ದಾರೆ, ನೆರವಾಗುತ್ತಾರೆ. ಅದೂ ಆಗದಿದ್ದರೆ ತಾವೇ ಬಂದು ಇಸ್ತ್ರಿ ಮಾಡಬೇಕು, ನಾನು ಪಕ್ಕದಲ್ಲಿ ಕೂತು ಓದಿಕೊಳ್ಳುತ್ತೇನೆ.

ಇಷ್ಟು ಬರೆಯುವಷ್ಟರಲ್ಲಿ ಅಕ್ಕನ ಕೋಪ ಇಳಿದು ಹೊಸ ಷರತ್ತು ಬಂದಿದೆ: "ಕೆಲ್ಸಕ್ಕೆ ಬಾ. ಆದ್ರೆ ಆ ಪುಸ್ತಕ ಬೇಡ, ಬೇಕಾದ್ರೆ ಫೋನೇ ನೋಡ್ಕೋ ಮಾರಾಯ. ಜಾಹೀರಾತು ಬಂದಾಗಲಾದ್ರೂ ತಲೆ ಎತ್ತುತ್ತಿದ್ದೆ." ಫೋನಿನ ವಿರುದ್ಧ ಇಡೀ ಕಾದಂಬರಿ ಬರೆದ ತಮಗೆ ಈ ಫಲಿತಾಂಶ ತಿಳಿಸಲು ಹೆಮ್ಮೆಪಡುತ್ತೇನೆ.

ಕೋಟು ಸುಟ್ಟರೂ ಅಭಿಮಾನ ಸುಡದ,
ತಮ್ಮ ವಿಶ್ವಾಸಿ,
ಇಸ್ತ್ರಿ ಅಂಗಡಿಯ ಹುಡುಗ

ತಾ.ಕ.: ಕೋಟಿನ ಯಜಮಾನರು ಬಂದಿದ್ದರು. ಬೈಯಲಿಲ್ಲ. "ಅಷ್ಟು ಚೆನ್ನಾಗಿದ್ಯೇನೋ ಅದು?" ಎಂದು ಕೇಳಿ ಪುಸ್ತಕವನ್ನೇ ಎತ್ತಿಕೊಂಡು ಹೋದರು. ಅವರು ಬಸ್ ಡ್ರೈವರ್. ಅದೂ, ಮಾನ್ಯರೇ, ತಮ್ಮ ಊರಿನ ರೂಟೇ.