ಮೊದಲರ್ಧದ ಕುದುರೆ

ಇಷ್ಟಕ್ಕೆಲ್ಲ ಕಾರಣ ಒಂದು ಓರೆಗೆರೆ. ಯಾವ ಫೈಲು ಯಾವ ಫೋಲ್ಡರಿನೊಳಗಿದೆ ಅಂತ ಕಂಪ್ಯೂಟರಿಗೆ ದಾರಿ ಹೇಳುವಾಗ ನಡುನಡುವೆ ಹಾಕುತ್ತಾರಲ್ಲ, ಅದೇ ಗೆರೆ. ಒಂದು ಜಾತಿಯ ಕಂಪ್ಯೂಟರಿಗೆ ಅದು ಎಡಕ್ಕೆ ವಾಲಿರಬೇಕು, ಇನ್ನೊಂದಕ್ಕೆ ಬಲಕ್ಕೆ. ಅದಲು ಬದಲಾದರೆ ಮುಗಿಯಿತು, ಕಣ್ಣೆದುರಿಗಿದ್ದ ಫೈಲೂ ಅದಕ್ಕೆ ಕಾಣುವುದಿಲ್ಲ.

ಇದು ನಮ್ಮ ಇನ್‌ಸ್ಪೆಕ್ಟರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು! ಆತ ಪೊಲೀಸಲ್ಲ, ಪ್ರೋಗ್ರಾಮರ್. ಇತರರ ಕೋಡಿನಲ್ಲಿ ತಪ್ಪು ಹುಡುಕಿ ಹುಡುಕಿ ಆಫೀಸಿನಲ್ಲಿ ಆ ಹೆಸರು ಬಂದಿತ್ತು. "ಫೈಲಿನ ದಾರಿಯನ್ನ ಕೈಯಾರೆ ಬರೀಬಾರದು ಕಣ್ರೀ, ಆಯಾ ಯಂತ್ರವೇ ಗೆರೆ ಜೋಡಿಸಿಕೊಳ್ಳೋ ಹಾಗೆ ಬರೀಬೇಕು" ಎಂದು ಕಳೆದ ವಾರವಷ್ಟೇ ಪಕ್ಕದ ಟೇಬಲ್ಲಿನವಳಿಗೆ ಎಲ್ಲರೆದುರು ಪಾಠ ಮಾಡಿದ್ದ. ಮನೆಗೆ ಬಂದು ತಾನೇ ಕೈಯಾರೆ ಬರೆದ. ಅದೂ ತನ್ನ ಮನೆಯ ಕಂಪ್ಯೂಟರಿನ ಗೆರೆಯನ್ನೇ ಎಳೆದು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ.

ಬರೆದದ್ದು ಭಾವನ ನಾಟಕಕ್ಕೆ. ಅಕ್ಕನ ಗಂಡ ನಾಟಕದ ಹುಚ್ಚಿನವರು. ಕುದುರೆ, ಗುಡುಗು, ಬಾಗಿಲ ಕಿರುಗುಟ್ಟು, ಎಲ್ಲವೂ ಒಂದೊಂದು ಗುಂಡಿ ಒತ್ತಿದರೆ ಬರುವಂಥ ಪ್ರೋಗ್ರಾಂ ಬೇಕೆಂದಿದ್ದರು. ಇವನು ಎದೆ ತಟ್ಟಿ ಒಪ್ಪಿಕೊಂಡದ್ದಕ್ಕೆ ಬೇರೆಯೇ ಕಾರಣವಿತ್ತು. ನಾಟಕಕ್ಕೆ ಮಾವ ಬರುವವರಿದ್ದರು. ಮಾವ ನಿವೃತ್ತ ದನದ ಡಾಕ್ಟರು. ಮದುವೆಯಾದಾಗಿನಿಂದ ಅಳಿಯನನ್ನು ಊರವರಿಗೆಲ್ಲ "ಇವರು ಟೈಪಿಂಗ್ ಮಾಡ್ತಾರೆ" ಎಂದೇ ಪರಿಚಯಿಸುತ್ತಿದ್ದರು. ಒಂದು ಸಲ, ಒಂದೇ ಒಂದು ಸಲ, ಅವರ ಬಾಯಲ್ಲಿ "ನಮ್ಮ ಅಳಿಯನ ಪ್ರೋಗ್ರಾಂ" ಅನ್ನಿಸಿಬಿಡಬೇಕು ಅಂತ ಇವನಿಗೆ ಆಸೆ. ಹೆಂಡತಿಯ ಹತ್ತಿರ ಮಾತ್ರ ಹೇಳಿಕೊಂಡಿದ್ದ. ಅವಳು, "ಮೊದಲು ಅದು ನೆಟ್ಟಗೆ ಓಡಲಿ ರೀ" ಎಂದಿದ್ದಳು.

ಓಡಲಿಲ್ಲ. ಮಧ್ಯಾಹ್ನ ರಂಗಮಂದಿರದ ಕಂಪ್ಯೂಟರಿಗೆ ಎಲ್ಲವನ್ನೂ ತುಂಬಿಸಿ, ತಾಲೀಮಿನಲ್ಲಿ ಕುದುರೆಯ ಗುಂಡಿ ಒತ್ತಿದ. ನಿಶ್ಶಬ್ದ. ಗುಡುಗು ಒತ್ತಿದ. ಅದೂ ಮೌನವ್ರತ. ಏನು ತಪ್ಪಾಗಿದೆ ಅಂತಲೂ ಅದು ಹೇಳಲಿಲ್ಲ. ಹೇಳುವುದಾದರೂ ಹೇಗೆ? ತಪ್ಪಾದರೆ ಬಾಯಿ ಮುಚ್ಚಿಕೊಂಡಿರು ಅಂತ ಪ್ರೋಗ್ರಾಮಿಗೆ ಇವನೇ ಬರೆದಿದ್ದ, ಮಾವನೆದುರು ಮಾನ ಹೋಗದಿರಲಿ ಎಂದು.

ತಕ್ಷಣ ಸುತ್ತ ಜನ ಸೇರಿದರು. ಲೈಟಿನವನು, "ವೈರ್ ಲೂಸಾಗಿರತ್ತೆ ಸಾರ್" ಎಂದು ಕಂಡ ಕಂಡ ವೈರನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿದ. ಮೇಕಪ್ಪಿನವರು, "ನಮ್ಮ ಮನೇದೂ ಹೀಗೇ ಮಾಡತ್ತೆ, ಆಫ್ ಮಾಡಿ ಆನ್ ಮಾಡಿ" ಎಂದು ಬಣ್ಣದ ಕೈಯಲ್ಲೇ ಆಫ್ ಮಾಡಿದರು. ಕಂಪ್ಯೂಟರಿನ ಮುಖಕ್ಕೆ ಕೆಂಪು ಹತ್ತಿತೇ ಹೊರತು ಶಬ್ದ ಬರಲಿಲ್ಲ.

"ಹೋಗಲಿ, ಫೈಲುಗಳನ್ನ ಕೈಯಲ್ಲೇ ಒಂದೊಂದಾಗಿ ಒತ್ತು" ಎಂದರು ಭಾವ.

ಫೈಲುಗಳಿಗೆ ಇವನು ಹೆಸರಿಟ್ಟಿರಲಿಲ್ಲ, ನಂಬರ್ ಕೊಟ್ಟಿದ್ದ. ರಾಜ ಕತ್ತಿ ಹಿರಿದು, "ತನ್ನಿ ನನ್ನ ಕುದುರೆ!" ಎಂದು ಗರ್ಜಿಸಿದ. ಇವನು ಒತ್ತಿದ. ಹಸುಗೂಸು ಕಿಟಾರನೆ ಅತ್ತಿತು.

ರಾಜ ಕತ್ತಿ ಎಸೆದು ಕೂತುಬಿಟ್ಟ. ಭಾವ ಓಡಿಬಂದು ಮೌಸನ್ನೇ ಕಿತ್ತುಕೊಂಡರು. "ಮಾರಾಯ, ಇದನ್ನ ಮುಟ್ಟಬೇಡ! ತಗೋ ಮೈಕು. ಪರದೆ ಹಿಂದೆ ನಿಂತುಕೊಂಡು ಬಾಯಲ್ಲೇ ಮಾಡು!"

"ಬಾಯಲ್ಲಾ? ಭಾವ, ನಾನು ಎಂಜಿನಿಯರು..."

"ಇವತ್ತು ಕುದುರೆ."

ಸಂಜೆ ಪರದೆ ಎದ್ದಿತು. ಮಾವ ಮೊದಲ ಸಾಲಿನ ನಡುಮಧ್ಯದಲ್ಲಿ ಕೈಕಟ್ಟಿ ಕೂತಿದ್ದರು. ಇನ್‌ಸ್ಪೆಕ್ಟರ್ ಪರದೆಯ ಸಂದಿಯಲ್ಲಿ ಮೈಕನ್ನು ಬಾಯಿಗೆ ಒತ್ತಿ ಹಿಡಿದು ಕೆನೆದ. ತೆಂಗಿನ ಚಿಪ್ಪು ಬಡಿದು ಖುರಪುಟ ಮಾಡಿದ, ತಗಡು ಅಲ್ಲಾಡಿಸಿ ಗುಡುಗಿದ, ಗಂಟಲು ಹಿಂಡಿ ಬಾಗಿಲು ತೆರೆದ. ಇಷ್ಟು ಓದಿಸಿದ ಅಪ್ಪ ಇದನ್ನು ನೋಡಿದ್ದರೆ ಫೀಸು ವಾಪಸ್ ಕೇಳುತ್ತಿದ್ದರು ಅಂತ ಅವನಿಗೇ ಅನ್ನಿಸಿ, ನಾಚಿಕೆಯಿಂದ ಇನ್ನೂ ಜೋರಾಗಿ ಕೆನೆದ.

ಇಂಟರ್ವಲ್ ಆದದ್ದೇ ತಡ, ಮಾನ ಮರ್ಯಾದೆ ಬಿಟ್ಟು ಪಕ್ಕದ ಟೇಬಲ್ಲಿನವಳಿಗೆ ಫೋನ್ ಮಾಡಿದ.

"ಸರ್, ಆ ಕಂಪ್ಯೂಟರು ನಿಮ್ಮನೆಯದರ ಥರದ್ದೇನಾ?"

"ಅಲ್ಲ, ಬೇರೆ."

"ಹಾಗಾದ್ರೆ ದಾರಿಯನ್ನ ಕೈಯಾರೆ... ಛೇ ಛೇ, ನೀವು ಹಾಗೆ ಬರೆಯೋರಲ್ಲ ಬಿಡಿ ಸರ್."

ಇವನ ಕಿವಿ ಬಿಸಿಯಾಯಿತು. ಅಯ್ಯೋ ಮಂಕೇ! ಭಾವನ ಜೇಬಿನಿಂದ ಮೌಸನ್ನು ಹಾರಿಸಿಕೊಂಡು ಬಂದು ಕೋಡ್ ತೆರೆದ. ಗೆರೆಗಳೆಲ್ಲ ಎಡಕ್ಕೆ ವಾಲಿಕೊಂಡು ಇವನನ್ನೇ ಅಣಕಿಸುತ್ತಿದ್ದವು. ಅಷ್ಟನ್ನೂ ಅಳಿಸಿ, ದಾರಿ ಜೋಡಿಸುವ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಿ, ಎರಡನೆಯ ಗಂಟೆ ಹೊಡೆಯುವಷ್ಟರಲ್ಲಿ ಮೆಲ್ಲಗೆ ಕುದುರೆಯ ಗುಂಡಿ ಒತ್ತಿದ. ಕೆನೆಯಿತು! ಅಸಲಿ ಕುದುರೆ, ಲಾಯಕ್ಕೇ ಹೋಗಿ ರೆಕಾರ್ಡ್ ಮಾಡಿಕೊಂಡು ಬಂದದ್ದು! ಅವನಿಗೆ ಅಳುವೇ ಬಂದುಬಿಟ್ಟಿತು.

ಉಳಿದರ್ಧ ನೀರು ಕುಡಿದಷ್ಟು ಸಲೀಸಾಗಿ ಹೋಯಿತು. ಒತ್ತಿದಾಗ ಕುದುರೆ, ಒತ್ತಿದಾಗ ಗುಡುಗು, ಒತ್ತಿದಾಗ ಮಳೆ, ಒಂದೂ ತಪ್ಪಲಿಲ್ಲ. ಇವನು ಕಾಲ ಮೇಲೆ ಕಾಲು ಹಾಕಿ ಕೂತು, ಮಾವ ಬಂದು ಏನನ್ನಬಹುದು, ತಾನು ಎಷ್ಟು ವಿನಯದಿಂದ ತಲೆ ತಗ್ಗಿಸಬೇಕು ಅಂತ ಲೆಕ್ಕ ಹಾಕುತ್ತಿದ್ದ.

ಪರದೆ ಬಿದ್ದ ಮೇಲೆ ಮಾವ ನೇರ ಒಳಗೇ ಬಂದರು. ಹಿಂದೆ ಇವನ ಹೆಂಡತಿ, ಜೊತೆಯಲ್ಲಿ ರಂಗಮಂದಿರದ ಮ್ಯಾನೇಜರು.

"ಅಳಿಯಂದ್ರೇ, ಭೇಷ್!" ಮಾವ ಕೈ ಹಿಡಿದು ಕುಲುಕಿದರು. "ನಿಮ್ಮ ಪ್ರೋಗ್ರಾಂ ಇಷ್ಟು ಚೆನ್ನಾಗಿರತ್ತೆ ಅಂದುಕೊಂಡಿರಲಿಲ್ಲ. ಎಂಥಾ ಕುದುರೆ ರೀ ಅದು! ನಾನು ಎಷ್ಟು ಕುದುರೆ ನೋಡಿಲ್ಲ? ಅದಕ್ಕೆ ಸ್ವಲ್ಪ ಹೊಟ್ಟೆನೋವಿತ್ತು, ಅದೂ ಗೊತ್ತಾಗೋ ಹಾಗೆ ರೆಕಾರ್ಡ್ ಆಗಿದೆ!"

ಇನ್‌ಸ್ಪೆಕ್ಟರ್ ತಲೆ ತಗ್ಗಿಸಿದ.

"ಆದ್ರೆ ಇಂಟರ್ವಲ್ ಆದಮೇಲೆ ಏನಾಯ್ತು? ಕಂಪ್ಯೂಟರ್ ಕೈಕೊಟ್ಟಿತಾ? ಯಾರೋ ಬಾಯಲ್ಲಿ ಕೆನೆದ ಹಾಗಿತ್ತಪ್ಪ. ನನ್ನ ಕಿವಿಗೆ ಮೋಸ ಮಾಡೋಕಾಗಲ್ಲ."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭಾವ ಛಾವಣಿ ನೋಡತೊಡಗಿದರು. ನಿಜ ಹೇಳಿದರೆ ಅಳಿಯ ಕುದುರೆಯಾಗುತ್ತಾನೆ, ಹೇಳದಿದ್ದರೆ ಒಳ್ಳೆಯ ಪ್ರೋಗ್ರಾಂ ಕೆಟ್ಟದ್ದಾಗುತ್ತದೆ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಮ್ಯಾನೇಜರು ಮುಂದೆ ಬಂದರು. "ನಿಮ್ಮ ಮಾವನವರು ಹೇಳಿದಮೇಲೆ ಮುಗೀತು ಸಾರ್. ಇನ್ನುಮುಂದೆ ಇಲ್ಲಿನ ಎಲ್ಲಾ ನಾಟಕಕ್ಕೂ ನಿಮ್ಮ ಪ್ರೋಗ್ರಾಮೇ. ಆದ್ರೆ ಮೊದಲರ್ಧದ್ದೇ ಬೇಕು, ಎರಡನೇದು ಬೇಡ. ಮುಂದಿನ ನಾಟಕ ಕಾಡಿನದು. ಆನೆ, ಹುಲಿ, ನವಿಲು, ನೂರಾರು ಕಪ್ಪೆ. ಆಗತ್ತಲ್ಲ?"

"ಆಗತ್ತೆ, ಆಗತ್ತೆ" ಎಂದರು ಭಾವ ಅವಸರದಿಂದ.

"ಹೇಳಿ ಅಳಿಯಂದ್ರೇ, ನಾನು ಮಾತು ಕೊಟ್ಟಾಗಿದೆ" ಎಂದರು ಮಾವ, ಹೆಮ್ಮೆಯಿಂದ ಹೆಗಲ ಮೇಲೆ ಕೈಯಿಟ್ಟು.

ಅಷ್ಟು ವರ್ಷ ಕಾದಿದ್ದ ಆ ಕೈ ಹೆಗಲ ಮೇಲಿತ್ತು. ಇನ್ನೇನು ಮಾಡುವುದು? "ಹ್ಞೂಂ" ಅನ್ನಲು ಬಾಯಿ ತೆರೆದ. ಮೊದಲರ್ಧವಿಡೀ ಹಿಂಡಿಸಿಕೊಂಡಿದ್ದ ಗಂಟಲು ಒಡೆದು, ನೀಳವಾದ, ಹೊಟ್ಟೆನೋವಿನ ಕೆನೆತವೊಂದು ಹೊರಬಿತ್ತು.

ಎಲ್ಲರೂ ಥಟ್ಟನೆ ಕಂಪ್ಯೂಟರಿನ ಕಡೆ ತಿರುಗಿದರು.

"ಆಹಾ, ಇದೇ ನೋಡಿ ನಾನು ಹೇಳಿದ್ದು!" ಎಂದರು ಮಾವ. "ಇನ್ನೂ ಆಫ್ ಮಾಡಿಲ್ವೇನ್ರಿ ಅದನ್ನ?"